ಗುಳ್ಳೆ ಕಾಯುವ ಅಮ್ಮ

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನ ಶ್ವಾಸಕೋಶ ಕುಸಿದದ್ದು ಎರ್ಮಾಳಿನ ನಮ್ಮ ಅಂಗಳದಲ್ಲಿ, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ. ಹೇಳಿಕೊಳ್ಳಲೂ ನಾಚಿಕೆ. ಕಾಪುವಿನ ಕಡಲ ಬಂಡೆಗಳ ಬುಡದಲ್ಲಿ ಅಪ್ಪನೊಂದಿಗೆ ಉಸಿರು ಕಟ್ಟಿ ಮುಳುಗಿ, ಪಚ್ಚಿಲೆ ಎಂಬ ಚಿಪ್ಪುಮೀನು ಕಿತ್ತು ತರುತ್ತಿದ್ದವನು ನಾನು. ಬೇಡವೆಂದು ಅಮ್ಮ ಎಷ್ಟು ಹೇಳಿದರೂ ಅಪ್ಪನೂ ಕೇಳುವವನಲ್ಲ, ನಾನೂ ಅಲ್ಲ.

ಮಣಿಪಾಲದಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರಮ್ಮ, "ಉದ್ದ, ಸಪೂರ ಹುಡುಗರಿಗೆ ಹೀಗಾಗುವುದುಂಟು. ಸಣ್ಣ ತೂತಾಗಿ ಗಾಳಿ ಶ್ವಾಸಕೋಶದ ಹೊರಗೆ ಬಂದಿದೆ," ಎಂದರು.

"ಗಂಜಿ ಅರ್ಧಕ್ಕೆ ಬಿಟ್ಟು ಓಡಿದರೆ ಮತ್ತೆಂತ ಆಗ್ತದೆ?" ಎಂದಳು ಅಮ್ಮ.

ಆ ಗಾಳಿ ತೆಗೆಯಲು ಪಕ್ಕೆಲುಬುಗಳ ನಡುವೆ ಒಂದು ಕೊಳವೆ ತೂರಿಸಿ, ಅದರ ಇನ್ನೊಂದು ತುದಿಯನ್ನು ಮಂಚದ ಕೆಳಗಿನ ನೀರಿನ ಬಾಟಲಿಗೆ ಇಳಿಸಿದರು. ನಾನು ಕೆಮ್ಮಿದಾಗಲೆಲ್ಲ ನೀರಿನಲ್ಲಿ ಗುಳುಗುಳು ಗುಳ್ಳೆ.

ಅಮ್ಮ ಬಾಟಲಿಯ ಮುಂದೆ ನೆಲದಲ್ಲೇ ಕೂತಳು. ಇಪ್ಪತ್ತು ವರ್ಷ ಬಂಡೆಯ ಮೇಲೆ ಕೂತು ನೀರಿನಡಿಯ ಅಪ್ಪನ ಗುಳ್ಳೆ ಕಾದವಳು. ಗುಳ್ಳೆ ಬಂದರೆ ಗಂಡ ಇದ್ದಾನೆ, ನಿಂತರೆ ಎದೆ ಧಸಕ್. ನೋಡಲು ಬಂದವರಿಗೆಲ್ಲ, "ಇವತ್ತು ಒಳ್ಳೆ ಬರ್ತಾ ಉಂಟು. ಕೆಮ್ಮು ಮಗ, ಚಿಕ್ಕಮ್ಮನಿಗೆ ತೋರಿಸು," ಎನ್ನುತ್ತಿದ್ದಳು. ನೋವಿಗೆ ಹಲ್ಲು ಕಚ್ಚಿ ಕೆಮ್ಮುತ್ತಿದ್ದೆ. ಆಡಿಸುವ ಕೋತಿಗಾದರೂ ನಡುವೆ ಒಂದು ಬಾಳೆಹಣ್ಣು ಸಿಗುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಎಷ್ಟು ಕೆಮ್ಮಿದರೂ ಗುಳ್ಳೆ ಬರಲಿಲ್ಲ. ಅಮ್ಮ ಬಾಟಲಿ ಬಿಟ್ಟು ಎದ್ದಳು. "ಉಸಿರಾಡು ಮಾರಾಯ," ಎಂದು ನನ್ನ ಭುಜ ಅಲುಗಾಡಿಸಿದಳು.

"ಆಡ್ತಾ ಇದ್ದೇನಲ್ಲ ಅಮ್ಮ," ಎಂದರೆ ನಂಬಬೇಕಲ್ಲ. ಹೋಗಿ ಡಾಕ್ಟರಮ್ಮನನ್ನೇ ಕೈ ಹಿಡಿದು ಎಳೆದು ತಂದಳು.

ಅವರು ನಕ್ಕರು. "ಗುಳ್ಳೆ ನಿಂತರೆ ತೂತು ಮುಚ್ಚಿದೆ ಅಂತ ಅರ್ಥ. ಎಕ್ಸ್‌ರೇ ಸರಿ ಇದ್ದರೆ ಕೊಳವೆ ತೆಗೆಯುವ."

ಕೊಳವೆ ತೆಗೆದ ಮರುದಿನ ನಾನು ಡಾಕ್ಟರಮ್ಮನನ್ನು ಕೇಳಿದ್ದು ಒಂದೇ: ಪಚ್ಚಿಲೆಗೆ ಯಾವಾಗ ಹೋಗಬಹುದು?

"ಮುಳುಗುವುದಾ? ಇನ್ನು ಯಾವತ್ತೂ ಬೇಡ. ಇದು ಮತ್ತೆ ಕುಸಿಯಬಹುದು. ನೀರಿನಡಿಯಲ್ಲಿ ಹಾಗಾದರೆ ಮೇಲೆ ಬರುವುದು ಕಷ್ಟ."

ನನ್ನ ಕಣ್ಣು ತುಂಬಿತು. ಬಾಗಿಲಲ್ಲಿ ನಿಂತಿದ್ದ ಅಪ್ಪ ತಲೆ ತಗ್ಗಿಸಿದ.

ಅಷ್ಟು ದಿನ ಡಾಕ್ಟರಮ್ಮನ ಒಂದು ಮಾತನ್ನೂ ನಂಬದ ಅಮ್ಮ ಇದನ್ನು ತಕ್ಷಣ ನಂಬಿದಳು. "ಅದನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಡಿ," ಎಂದಳು. ಅವರು ಬರೆದರು. ಅಮ್ಮ ಚೀಟಿ ನೋಡಿದಳು, ಬಾಗಿಲ ಕಡೆ ನೋಡಿದಳು, ದನಿ ತಗ್ಗಿಸಿದಳು.

"ಇವರೂ ಉದ್ದ, ಸಪೂರವೇ ಅಲ್ವಾ ಡಾಕ್ಟ್ರೇ. ಇವರ ಹೆಸರನ್ನೂ ಇದರಲ್ಲಿ ಸೇರಿಸಲಿಕ್ಕೆ ಆಗ್ತದಾ?"