ಇನಾಸ್ ಪೊರ್ಬುಗಳ ಮೂರನೆಯ ದಿನ

ಕೊಪ್ಪದಲ್ಲಿ ಎಲ್ಲರಿಗೂ ಸೋಮವಾರ ಸೋಮವಾರವೇ. ದರ್ಜಿ ಇನಾಸ್ ಪೊರ್ಬುಗಳಿಗೆ ಮಾತ್ರ ಅದು ‘ಎರಡನೇದು’. ಹೊಲಿಯಲು ಬಂದ ಪ್ರತಿ ಬಟ್ಟೆಯ ಮೂಲೆಯಲ್ಲೂ ಸೀಮೆಸುಣ್ಣದಿಂದ ಎರಡೋ ಐದೋ ಬರೆದಿಡುತ್ತಿದ್ದರು. ಕೊಡಬೇಕಾದ ದಿನದ ಗುರುತು ಅದು. ಗೋವೆಯಿಂದ ಬಂದವರು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಮನುಷ್ಯ.

ಪಕ್ಕದ ಮನೆಯವಳು ನಾನು, ಸುಮ್ಮನಿರುತ್ತೇನೆಯೇ? “ಇದೆಂತ ಪೊರ್ಬುಗಳೇ, ನಿಮ್ಮಲ್ಲಿ ವಾರಕ್ಕೆ ಹೆಸರೇ ಇಲ್ವಾ?” ಎಂದು ಕೇಳಿದೆ.

“ಉಂಟಲ್ಲ ಮಾರಾಯ್ತಿ! ಇಗರ್ಜಿ ಶಾಲೇಲಿ ಪಾದ್ರಿ ಬೆತ್ತ ಹಿಡ್ಕೊಂಡು ಪೋರ್ಚುಗೀಸಿನಲ್ಲಿ ಕಲಿಸಿದ್ದು. ದೊಮಿಂಗು ದೇವರ ದಿನ, ಅದೇ ಒಂದನೇದು. ಸೆಗುಂದ ಎರಡು, ತೆರ್ಸ ಮೂರು. ಆಮೇಲೆ ಕ್ವಾರ್ತ, ಕ್ವಿಂತ, ಸೆಷ್ತ. ಕಡೆಗೆ ಸಾಬದು.”

“ಮತ್ತೆ ಮಂಗಳ, ಶುಕ್ರ?”

“ಅವರೆಲ್ಲ ಆಕಾಶದಲ್ಲೇ ಇರ್ಲಿ.”

ಎಲಾ! ಗ್ರಹಗಳೇ ಇಲ್ಲದ ವಾರ! ನನಗೆ ಹುಚ್ಚೇ ಹಿಡಿಯಿತು. ಗಂಜಿ ಬಸಿಯುವಾಗಲೂ ಸೆಗುಂದ, ತೆರ್ಸ ಎಂದು ಬಾಯಿಪಾಠ. “ಎಂತ ಮಂತ್ರವೇ ಅದು?” ಎಂದು ಅಮ್ಮ ಗದರುತ್ತಿದ್ದಳು.

ಯುದ್ಧದ ಕಾಲ, ಬಟ್ಟೆಗೂ ಕಂಟ್ರೋಲು. ಶಿವಮೊಗ್ಗದಲ್ಲಿ ಉಪಾಧ್ಯಾಯಿನಿ ತರಬೇತಿಗೆ ನನಗೆ ಸೀಟು ಸಿಕ್ಕಿತ್ತು. ಬುಧವಾರದ ಬಸ್ಸು ತಪ್ಪಿದರೆ ಸೀಟು ಇನ್ನೊಬ್ಬಳಿಗೆ. ಇದ್ದ ಎರಡು ರವಿಕೆಗಳೂ ಹರಿದಿದ್ದವು. ಹೊಸ ಬಟ್ಟೆ ಕೈಗೆ ಬಂದದ್ದು ಮಂಗಳವಾರ ಮಧ್ಯಾಹ್ನ.

“ಮಂಗಳವಾರ ಹೊಸ ಬಟ್ಟೆಗೆ ಕತ್ತರಿ ಹಾಕಿದ್ರೆ ಏಳ್ಗೆ ಉಂಟಾ? ನೀನು ಹೋಗೋದೇ ಬೇಡ,” ಎಂದಳು ಅಮ್ಮ. ನಾನು ಗಟ್ಟಿಯಾಗಿ ಅಳುತ್ತಾ ಕೂತೆ. ಪೊರ್ಬುಗಳು ಬೇಲಿಯಾಚೆಯಿಂದಲೇ ಕೇಳಿಸಿಕೊಂಡು ಬಂದರು.

“ಅಮ್ಮಾ, ಕತ್ತರಿ ನನ್ನದು, ಕೈ ನನ್ನದು. ನನ್ನ ಅಂಗಡೀಲಿ ಇವತ್ತು ತೆರ್ಸ. ಮಂಗಳ ಬಂದು ಕೇಳಿದ್ರೆ ನನ್ನ ಹತ್ರ ಕಳಿಸಿ.”

ಅಮ್ಮ ಬಟ್ಟೆಯನ್ನು ಅವರ ಕೈಗಿತ್ತಳು. “ಹಂಗಾದ್ರೆ ಕತ್ತರಿ ಹಾಕುವಾಗ ಆ ಹೆಸರನ್ನ ಗಟ್ಟಿಯಾಗಿ ಹೇಳಿ,” ಎಂದಳು. ಅವರು ಮೂರು ಸಲ ಹೇಳಿದರು. ಬುಧವಾರ ನಾನು ಹೊಸ ರವಿಕೆ ತೊಟ್ಟು ಬಸ್ಸು ಹತ್ತಿದೆ.

ಯುದ್ಧ ಮುಗಿದ ಮೇಲೆ ಪೊರ್ಬುಗಳು ಅಂಗಡಿ ಮುಚ್ಚಿ ಗೋವೆಗೆ ಹೊರಟರು. ನಾನು ರಜೆಗೆಂದು ಬಂದಿದ್ದೆ. ಟ್ರಂಕು ಆಗಲೇ ಬೀದಿಗೆ ಬಂದಿತ್ತು. ಅಂದು ಮಂಗಳವಾರ.

“ಇವತ್ತು ಬೇಡ ಪೊರ್ಬುಗಳೇ, ದೂರದ ದಾರಿ,” ಎಂದಳು ಅಮ್ಮ.

“ಅವರಿಗೆ ಇವತ್ತು ತೆರ್ಸ ಅಲ್ವಾ ಅಮ್ಮ?” ಎಂದು ನಾನು ನಕ್ಕೆ.

ಪೊರ್ಬುಗಳು ನಗಲಿಲ್ಲ. ಅಮ್ಮನ ಮುಖ ನೋಡಿ, ಟ್ರಂಕನ್ನು ಮತ್ತೆ ಒಳಕ್ಕೆ ಎಳೆದರು. “ಅಮ್ಮ ಹೇಳಿದ ಮೇಲೆ ಮಂಗಳವಾರವೇ,” ಎಂದರು.

ಮರುದಿನ ಬಸ್ಸಿನ ತನಕ ಹೋದೆ. ಹೊರಡುವಾಗ ಕಿಟಕಿಯಿಂದ ನಾಲ್ಕು ಬೆರಳು ತೋರಿಸಿದರು. “ಕ್ವಾರ್ತ!” ಎಂದು ಕೂಗಿದೆ. ಅವರನ್ನು ಮತ್ತೆ ನೋಡಲಿಲ್ಲ.