ಅತ್ತೆಯ ಹಣೆಗೆ ಬರೆದ ಕೆಮ್ಮಣ್ಣು

ನಮ್ಮತ್ತೆ ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುತ್ತಿದ್ದರು. ಮೈಮೇಲೆ ಪಟ್ಟಿಯಾಗಿ ಎದ್ದ ಗುಳ್ಳೆಗಳ ಸುತ್ತ ಗೆರೆ ಎಳೆದು, ಸರ್ಪದ ತಲೆಬಾಲ ಕೂಡದಂತೆ ನಡುವೆ ಸಂದು ಬಿಡುವುದು. ಬಂಗಾರಪೇಟೆ ಕಡೆಯ ಹಳ್ಳಿಗಳಿಂದ ಮಾತ್ರವಲ್ಲ, ಊರಿಗಾಂನ ಚಿನ್ನದ ಗಣಿ ಕೆಲಸಗಾರರ ಲೈನುಮನೆಗಳಿಂದಲೂ ಜನ ಬರುತ್ತಿದ್ದರು. ತಮಿಳಿನವರಿಗೆ ತಮಿಳಿನಲ್ಲೇ ಪಥ್ಯ ಹೇಳುತ್ತಿದ್ದರು. ನಾನೋ ರಾಬರ್ಟ್‌ಸನ್‌ಪೇಟೆಯ ಔಷಧಿ ಅಂಗಡಿಯಲ್ಲಿ ಅದೇ ಕಾಯಿಲೆಗೆ ಮಾತ್ರೆ ಕೊಡುವವಳು. ಒಂದೇ ಮನೆಯಲ್ಲಿ ಎರಡು ಆಸ್ಪತ್ರೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಮದುವೆಯಾದಾಗಿನಿಂದ ಆ ಕೆಮ್ಮಣ್ಣಿನ ಬಟ್ಟಲಿನ ವಿಷಯಕ್ಕೆ ಅತ್ತೆಗೂ ನನಗೂ ಜಟಾಪಟಿ.

ನಾಲ್ಕು ವರ್ಷದ ಹಿಂದೆ ಅವರ ಹಣೆಗೇ ಎದ್ದಿತು, ಎಡಗಣ್ಣಿನ ಮೇಲೆ. ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಅಂಗಡಿಯಿಂದ ಮಾತ್ರೆ ತಂದೆ. ಮೂರು ದಿನದೊಳಗೆ ಶುರುಮಾಡಬೇಕು ಎಂಬುದು ನನಗೆ ಬಾಯಿಪಾಠ. ಬಂದವರಿಗೆಲ್ಲ ಹೇಳುವವಳೇ ನಾನು. ಮನೆಗೆ ಬಂದರೆ ಅತ್ತೆ ಕೆಮ್ಮಣ್ಣು ಕಲಸಿಕೊಂಡು ಜಗಲಿಯ ಮೇಲೆ ಕೂತಿದ್ದರು.

"ನನ್ ಅಣೆ ನಂಗೆ ಕಾಣ್ಸಲ್ಲ. ನೀನೇ ಬರ್ದಾಕು" ಎಂದರು.

ಅಲ್ಲಿಯವರೆಗೆ ಅವರು ನನ್ನನ್ನು ಒಂದು ಲೋಟ ನೀರೂ ಕೇಳಿದವರಲ್ಲ. ನಾನು ಉಬ್ಬಿಹೋದೆ, ಅದೇ ನಿಜ. ಮಾತ್ರೆಯ ಚೀಲವನ್ನು ಗೂಟಕ್ಕೆ ನೇತುಹಾಕಿ ಬೆರಳು ಅದ್ದಿದೆ. "ಸಂದು ಬುಡು, ಸಂದು ಬುಡು" ಎಂದು ಹೇಳಿಕೊಡುತ್ತಿದ್ದರು. ಈಗ ಮಾತ್ರೆ ಎಂದರೆ ಮತ್ತೆ ಜಗಳ, ನಾಳೆ ಕೊಟ್ಟರಾಯಿತು ಎಂದುಕೊಂಡೆ. ಕೊಟ್ಟದ್ದು ಐದನೆಯ ದಿನ, ಕಣ್ಣು ಊದಿಕೊಂಡ ಮೇಲೆ. ಗುಳ್ಳೆ ಒಣಗಿ ಹುಬ್ಬಿನ ಮೇಲೆ ಕಲೆ ಉಳಿಯಿತು.

ಎರಡು ವರ್ಷದ ಮೇಲೆ ಮರೆವು ಶುರುವಾಯಿತು. ಡೈರಿಗೆ ಹೋಗಿ ಹಾಲು ಹಾಕದೆ ತುಂಬಿದ ಕ್ಯಾನಿನೊಂದಿಗೆ ವಾಪಸು ಬಂದರು. ಕರೆದ ಹಸುವನ್ನೇ ಮತ್ತೆ ಕರೆಯಲು ಕೂತು ಒದೆಸಿಕೊಂಡರು. ಆ ದಿನಗಳಲ್ಲೇ ಪತ್ರಿಕೆಯಲ್ಲಿ ಓದಿದೆ. ನಾವು ಅಮ್ಮ ಎನ್ನುವ ಸೀತಾಳೆ ಸಿಡುಬಿನ ವೈರಸ್ಸು ಚಿಕ್ಕಂದಿನಿಂದ ನರದಲ್ಲೇ ಅಡಗಿದ್ದು, ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳುತ್ತದಂತೆ. ಅದಕ್ಕೂ ಮರೆವಿನ ಕಾಯಿಲೆಗೂ ನಂಟಿರಬಹುದಂತೆ.

ಪತ್ರಿಕೆ ಹಿಡಿದುಕೊಂಡು ಡಾಕ್ಟರ ಹತ್ತಿರ ಓಡಿದೆ.

"ಇರಬಹುದಮ್ಮ, ಇಲ್ಲದೆಯೂ ಇರಬಹುದು. ಇನ್ನೂ ಪರೀಕ್ಷೆ ಮಾಡ್ತಾ ಇದಾರೆ. ಇವರಿಗೆ ವಯಸ್ಸೂ ಆಗಿದೆ, ಶುಗರ್ ಬೇರೆ."

"ನಾನು ಮಾತ್ರೆ ತಡ ಮಾಡಿದ್ದಕ್ಕೇನಾ ಸಾರ್?"

"ಅದನ್ನ ಯಾರೂ ಹೇಳಕ್ಕಾಗಲ್ಲ."

ಬೈದಿದ್ದರೆ ವಾಸಿಯಿತ್ತು, ಒಂದು ದಿನ ಅತ್ತು ಮುಗಿಸುತ್ತಿದ್ದೆ. ಈಗ ಸರ್ಪಸುತ್ತೆಂದು ಬರುವವರನ್ನು ಬಾಗಿಲಲ್ಲೇ ತಡೆದು ಮೊದಲು ಡಾಕ್ಟರ ಹತ್ತಿರ ಅಟ್ಟುತ್ತೇನೆ. ಗಯ್ಯಾಳಿ ಸೊಸೆ ಎಂದುಕೊಂಡರೆ ಎಂದುಕೊಳ್ಳಲಿ.

ಹೋದ ವಾರ ಅತ್ತೆಗೆ ತಲೆ ಬಾಚುತ್ತಿದ್ದೆ. ಕನ್ನಡಿ ನೋಡುತ್ತಾ ಹುಬ್ಬಿನ ಮೇಲಿನ ಕಲೆ ಮುಟ್ಟಿಕೊಂಡರು.

"ನಂಗೆ ಸರ್ಪಸುತ್ತಾಗಿತ್ತಾ? ಯಾರು ಬರ್ದಿದ್ದು?"

"ನಾನೇ."

ಹೇಳಿಯೇಬಿಟ್ಟೆ. "ಮಾತ್ರೆ ಚೀಲದಲ್ಲೇ ಇತ್ತು ಅತ್ತೆ. ನಾನು ಕೊಡ್ಲಿಲ್ಲ."

ಅವರಿಗೆ ಅದು ತಲುಪಲಿಲ್ಲ. ಕಲೆಯ ಮೇಲೆ ಬೆರಳಾಡಿಸುತ್ತಾ, "ನಿನ್ ಕೈಗುಣ ಚೆನ್ನಾಗೈತೆ ಕಣಮ್ಮ" ಎಂದರು. "ನಮ್ ಸೊಸೆಗೂ ಒಸಿ ಕಲ್ಸಿ ಓಗು. ಅವ್ಳು ನನ್ ಮಾತು ಕೇಳಲ್ಲ."

ಕಲಿಸುತ್ತೇನೆ ಎಂದೆ.