ನಂಬರಿಗೆ ಸಿಕ್ಕ ಮೊದಲ ದರ್ಜೆ

ಮೆಟ್ರಿಕ್ಯುಲೇಶನ್ ಪರೀಕ್ಷೆ ಶುರುವಾಗುವ ಹಿಂದಿನ ದಿನ ಭಾನುವಾರ. ನನ್ನ ತಮ್ಮ ಅಂದು ಬೆಳಿಗ್ಗೆ ಪುಸ್ತಕ ಮುಟ್ಟಲಿಲ್ಲ. ತನ್ನ ಎರಡು ಧೋತರ ಒಗೆದು ಹಗ್ಗಕ್ಕೆ ಹಾಕಿದ. ಲೇಖನಿಯ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿದ. ಮಸಿಕುಡಿಕೆಯ ಬಿರಡೆಗೆ ಬಟ್ಟೆ ಸುತ್ತಿ ಬಿಗಿ ಮಾಡಿದ. ಆಮೇಲೆ ನಾನು ಕುರುಗೋಡಿನಿಂದ ಗಂಟು ಕಟ್ಟಿ ತಂದಿದ್ದ ಸೀತನಿಯನ್ನು, ಅಂದರೆ ಸುಟ್ಟು ಉಜ್ಜಿದ ಎಳೆಜೋಳವನ್ನು, ಬಾಯಿಗೆ ಎಸೆದುಕೊಳ್ಳುತ್ತ ಕಟ್ಟೆಯ ಮೇಲೆ ಕುಳಿತ.

ಅವನು ಬಳ್ಳಾರಿಯಲ್ಲಿ ವಾರಾನ್ನದ ಹುಡುಗ. ವಾರದ ಏಳು ದಿನಕ್ಕೆ ಏಳು ಮನೆ. ದಿನಕ್ಕೊಂದು ಮನೆಯಲ್ಲಿ ಊಟ. ಭಾನುವಾರದ ಮನೆಯ ಅಜ್ಜಿ ಬಹಳ ಮಾತಿನವರು. ನಾನು ಬಂದಿರುವುದು ತಿಳಿದು ನನಗೂ ಎಲೆ ಹಾಕಿಸಿದರು.

"ನಿನ್ನ ತಮ್ಮಗ ಫಸ್ಟ್ ಕ್ಲಾಸು ಬರತೈತಂತ. ಹಂಗಂದ್ರ ಏನಪಾ, ರೈಲಿನಾಗ ದೊರಿಗಳ ಡಬ್ಬ್ಯಾಗ ಕುಂದರಸ್ತಾರೇನು?" ಎಂದು ಕೇಳಿದರು.

ತಮ್ಮ ಸಾರಿನ ಕೈಯಲ್ಲೇ ನಕ್ಕ. "ಹೌದಜ್ಜಿ. ನಿಮ್ಮನ್ನೂ ಕರಕೊಂಡು ಹೋಗ್ತೀನಿ. ಮೆತ್ತನ ಗಾದಿ ಇರತೈತಿ."

"ಮೊದಲ ಎಲ್ಯಾಗಿನ ಪಲ್ಯ ಮುಗಸು, ಗಾದಿ ಆಮ್ಯಾಲ."

ಇಷ್ಟೇ ಆ ದಿನ. ಅದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ, ಯಾಕೆಂದರೆ ಮರುದಿನದಿಂದ ನಮ್ಮದು ಬರೀ ಕಾಯುವ ಬದುಕಾಯಿತು.

ನಮ್ಮ ಊರು ಸಿರುಗುಪ್ಪ. ಧಾತು ಸಂವತ್ಸರದ ಬರದ ಹೊತ್ತಿಗೆ ತಂದೆ ತೀರಿಕೊಂಡರು. ನಾನು ಕೆಳಗಿನ ತರಗತಿಗಳನ್ನಷ್ಟೇ ಮುಗಿಸಿ, ಮುಂದೆ ಕುರುಗೋಡಿನಲ್ಲಿ ಸಣ್ಣ ಸಾಲೆಯ ಮಾಸ್ತರನಾದೆ. ತಮ್ಮನಿಗೆ ಅಕ್ಷರ ಕಲಿಸಿದವನು ನಾನೇ. ಮೊದಲು ಮರಳಿನ ಮೇಲೆ, ಆಮೇಲೆ ಹಲಗೆಯ ಮೇಲೆ. ಏನೇ ಬರೆಯಲಿ, ಮೇಲಿನ ಸಾಲಿನಲ್ಲಿ 'ಶ್ರೀ ಹನುಮಂತ ಪ್ರಸನ್ನ' ಎಂದು, ಅದರ ಮಗ್ಗುಲಲ್ಲಿ 'ಸಿರುಗುಪ್ಪ' ಎಂದು ಹಾಕದೆ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ. ನಮ್ಮ ತಂದೆ ಪತ್ರ ಬರೆಯುತ್ತಿದ್ದದ್ದು ಹಾಗೆ, ನನಗೆ ಕಲಿಸಿದ್ದೂ ಹಾಗೆ. ಒಮ್ಮೆ ಅವನು ಅದನ್ನು ಮರೆತು ನೇರವಾಗಿ ಮಗ್ಗಿ ಬರೆದಾಗ ಬೆರಳ ಗೆಣ್ಣಿಗೆ ಹೊಡೆದಿದ್ದೆ. ಮತ್ತೆ ಯಾವತ್ತೂ ಅವನು ಮರೆಯಲಿಲ್ಲ.

ಬಳ್ಳಾರಿಯ ಸಾಲೆಯಲ್ಲಿ ಅವನು ಓದಿದ್ದನ್ನು ನಾನು ವಿವರಿಸಿ ಹೇಳಲಾರೆ, ನನಗೆ ಅದರಲ್ಲಿ ಅರ್ಧ ತಿಳಿಯದು. ಗಣಿತ ಎಂದರೆ ಅವನಿಗೆ ಆಟ. ಅಲ್ಲಿಯ ಹೆಡ್ ಮಾಸ್ತರರು ತೆಲುಗು ಮನೆಮಾತಿನ ಹಿರಿಯರು. ಅವರು ಅವನನ್ನು ಗುರುತಿಸಿದ್ದರು. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದರೆ ಮದರಾಸಿನ ಕಾಲೇಜಿನಲ್ಲಿ ಅವನನ್ನು ಸೇರಿಸುವ ಭಾರ ತಮ್ಮದು ಎಂದಿದ್ದರು. ಅದಕ್ಕಿಂತ ಕೆಳಗೆ ಬಂದರೆ ತಾಲೂಕು ಕಚೇರಿಯಲ್ಲಿ ನಕಲು ಬರೆಯುವ ಕೆಲಸ. ಅದೂ ಕೆಟ್ಟದ್ದಲ್ಲ, ಆದರೆ ತಮ್ಮನಿಗೆ ಬೇಕಾಗಿದ್ದದ್ದು ಅದಲ್ಲ.

ಪರೀಕ್ಷೆಯ ವಾರ ಪೂರ್ತಿ ನಾನು ರಜೆ ಕೇಳಿ ಬಳ್ಳಾರಿಯಲ್ಲೇ ಉಳಿದೆ. ಮೊದಲ ದಿನ ಇಂಗ್ಲಿಷು. ಸಂಜೆ ಅವನು ಪರೀಕ್ಷೆಯ ಹಾಲಿನಿಂದ ಹೊರಗೆ ಬಂದಾಗ ಮುಖ ಅರಳಿತ್ತು. ಜೊತೆಗೆ ಅವನ ತರಗತಿಯ ಇನ್ನೊಬ್ಬನಿದ್ದ, ಮೋಕ ಎಂಬ ಊರಿನವನು. ಮೂವರೂ ನಡೆದು ಬರುತ್ತಿದ್ದಾಗ ತಮ್ಮ ಸುಮ್ಮನೆ ಹೇಳಿದ, "ಮೊದಲ ಹಾಳಿ ಮ್ಯಾಲ ದೇವರ ಹೆಸರು ಬರದ ಕೂಡ್ಲೆ ಎದಿ ಡವಡವ ನಿಂತುಬಿಡ್ತು ನೋಡಣ್ಣ."

ಮೋಕದವನು ನಿಂತುಬಿಟ್ಟ. "ಏನು ಬರದಿ?"

"ಯಾವಾಗ್ಲೂ ಬರಿಯೋದ. ಹನುಮಂತ ಪ್ರಸನ್ನ, ಸಿರುಗುಪ್ಪ."

"ಊರ ಹೆಸರೂ ಹಾಕಿದ್ಯಾ? ಲೇ, ನಿನಗ ತಲಿ ಐತೋ ಇಲ್ಲೋ? ಹೆಸರು, ಗುರುತು, ಏನೂ ಹಾಕಬ್ಯಾಡ್ರಿ, ನಂಬರ್ ಒಂದ ಹಾಕ್ರಿ ಅಂತ ಓದಿ ಹೇಳಲಿಲ್ಲೇನು ಅವ್ರು?"

"ನನ್ನ ಹೆಸರು ಹಾಕಬಾರ್ದು ಅಂದ್ರು, ನಾ ಹಾಕಿಲ್ಲ. ದೇವರ ಹೆಸರು ಬ್ಯಾಡ ಅಂದ್ರೇನು?"

ಅದನ್ನು ಅವನು ಹಟಕ್ಕೆ ಹೇಳಲಿಲ್ಲ. ನಿಜವಾಗಿಯೂ ಅವನಿಗೆ ಅದು ಬರವಣಿಗೆಯ ಭಾಗ ಎಂದೇ ಅನ್ನಿಸಿರಲಿಲ್ಲ. ಹೊಸಿಲು ದಾಟುವಾಗ ಕಾಲು ಎತ್ತಿದಂತೆ ಕೈ ಬರೆದುಬಿಟ್ಟಿತ್ತು. ಆ ಕೈಗೆ ಅದನ್ನು ಕಲಿಸಿದವನು ನಾನು.

ಅಲ್ಲಿಂದಲೇ ಹೆಡ್ ಮಾಸ್ತರರ ಮನೆಗೆ ಹೋದೆ. ತಮ್ಮ ಬಾಗಿಲ ಹೊರಗೇ ನಿಂತ. ಅವರು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದವರು ನನ್ನ ಮಾತು ಮುಗಿಯುವವರೆಗೆ ಅಡಿಕೆ ಕೈಯಲ್ಲೇ ಹಿಡಿದಿದ್ದರು.

"ಮಾಸ್ತರ್ರೇ, ನೀವು ನನಗ ಇದನ್ನ ಹೇಳಬಾರದಿತ್ತು" ಎಂದರು.

ನಾನು ಬೇಡಿಕೊಂಡೆ. ಆ ಹಾಳೆ ತೆಗೆಸಿ ಒಂದು ಸಾಲು ಹೊಡೆದುಹಾಕಲು ಆಗುವುದಿಲ್ಲವೇ, ಮದರಾಸಿಗೆ ಒಂದು ಕಾಗದ ಬರೆಯಲು ಆಗುವುದಿಲ್ಲವೇ ಎಂದು ಕೇಳಿದೆ.

"ಕಟ್ಟು ಕಟ್ಟಿ ಅರಗು ಹಾಕಿ ಆಗೇತಿ. ನಾನಲ್ಲ, ಕಲೆಕ್ಟರ್ ದೊರಿನೂ ಬಿಚ್ಚಂಗಿಲ್ಲ. ಕಾಗದ ಬರಿತೀನಿ ಅಂತ ತಿಳಕೊಳ್ರಿ. ಏನಂತ ಬರಿಲಿ? ಇಂಥ ನಂಬರಿನವ ಇಂಥ ಊರಿನ ಇಂಥ ಹುಡುಗ, ಮಾಫಿ ಮಾಡ್ರಿ ಅಂತ ಬರೀಬೇಕು. ಬರದ್ರ, ಇಲ್ಲಿತನಕ ಆಗದ ತಪ್ಪು ಆಗ ಆಕೈತಿ. ನಂಬರಿನ ಹಿಂದ ಯಾರದಾರ ಅಂತ ಅವರಿಗೆ ಗೊತ್ತಾಗಬಾರದು. ಅದಽ ಇದರ ಜೀವ."

ಆಮೇಲೆ ಅವರು ನನ್ನನ್ನು ಕೂಡಿಸಿಕೊಂಡು, ದರ್ಜೆ ಕೊಡುವ ಬಗೆಯನ್ನು ಹೇಳಿದರು. ಹತ್ತು ವರ್ಷ ಮಾಸ್ತರಿಕೆ ಮಾಡಿದ್ದರೂ ನನಗೆ ಅದು ಗೊತ್ತಿರಲಿಲ್ಲ. ನಮ್ಮ ಸಾಲೆಯಲ್ಲಿ ಯಾವ ಹುಡುಗ ಜಾಣ ಎನ್ನುವುದನ್ನು ನಾನೇ ನಿರ್ಧರಿಸುತ್ತಿದ್ದೆ. ಅವನ ಅಪ್ಪ ಯಾರು, ಅವನು ಎಲ್ಲಿ ಕೂಡುತ್ತಾನೆ, ನಿನ್ನೆ ಏನು ಮಾಡಿದ ಎಲ್ಲವೂ ಅದರಲ್ಲಿ ಸೇರುತ್ತಿತ್ತು. ಅಲ್ಲಿ ಹಾಗಲ್ಲ. ಒಂದೊಂದು ವಿಷಯದ ಉತ್ತರ ಒಬ್ಬೊಬ್ಬ ಪರೀಕ್ಷಕನ ಮನೆಗೆ ಹೋಗುತ್ತದೆ. ಇಂಗ್ಲಿಷು ನೋಡಿದವನಿಗೆ ಗಣಿತದಲ್ಲಿ ಏನು ಬಂತೆಂದು ತಿಳಿಯದು. ಎಲ್ಲರೂ ಕೊಟ್ಟ ಅಂಕಗಳನ್ನು ನಂಬರಿನ ಎದುರಿಗೆ ಇಟ್ಟು ಮದರಾಸಿನಲ್ಲಿ ಕೂಡುತ್ತಾರೆ. ಮೊತ್ತ ಒಂದು ಗೆರೆ ದಾಟಿದರೆ ಮೊದಲ ದರ್ಜೆ. ಆದರೆ ಯಾವುದೇ ಒಂದು ವಿಷಯದಲ್ಲಿ ತಳದ ಗೆರೆ ಮುಟ್ಟದಿದ್ದರೆ ಉಳಿದದ್ದೆಲ್ಲ ನೀರಿಗೆ ಹಾಕಿದಂತೆ. ಕೊನೆಗೆ, ಎಲ್ಲವೂ ಮುಗಿದ ಮೇಲೆ, ನಂಬರಿನ ಮುಂದೆ ಹೆಸರು ಬರೆಯುತ್ತಾರೆ.

"ಹಂಗಾದ್ರ ಇಂಗ್ಲಿಷ್ ಹಾಳಿ ತಳ್ಳಿಹಾಕಿದ್ರ..." ಎಂದೆ.

"ಎಲ್ಲಾ ಹೋತು" ಎಂದರು. ನನ್ನ ಮುಖ ನೋಡಿ ದನಿ ಇಳಿಸಿದರು. "ಅಂಜಬ್ಯಾಡ್ರಿ. ಇಂಗ್ಲಿಷ್ ನೋಡಾವ ಬಿಳಿ ದೊರಿ ಇರಬಹುದು. ಅವಂಗ ನಮ್ಮ ಅಕ್ಷರ ಏನು ತಿಳಿತೈತಿ? ಇರಿವಿಗೆ ಮಸಿ ಹತ್ತಿ ಹರದಾಡೈತಿ ಅಂದ್ಕೊಂತಾನ. ಹುಡುಗಗ ಹೇಳ್ರಿ, ನಾಳಿಯಿಂದ ಬರೇ ನಂಬರು."

ಆ ಮಾತಿಗೆ ಆ ಹೊತ್ತಿನಲ್ಲೂ ನನಗೆ ನಗು ಬಂತು. ಬಾಗಿಲ ಹೊರಗೆ ನಿಂತವನೂ ನಕ್ಕದ್ದು ಕೇಳಿಸಿತು.

ಕೋಣೆಗೆ ಬಂದ ಮೇಲೆ ನಾನು, "ತಪ್ಪು ನಂದು. ನಾನಽ ಹೊಡದು ಕಲಿಸಿದ್ದು" ಎಂದೆ.

"ಅಣ್ಣಾ, ನೀ ಕಲಿಸದಿದ್ರ ನಾ ಆ ಹಾಲಿನಾಗ ಹೋಗಿ ಕುಂದರತಿದ್ನೇನು? ಉಣ್ಣು. ಶನಿವಾರದ ಮನಿಯವರು ಕಟ್ಟಿ ಕೊಟ್ಟ ಅವಲಕ್ಕಿ ಇನ್ನೂ ಐತಿ" ಎಂದ.

ಉಳಿದ ದಿನಗಳಲ್ಲಿ ಅವನು ನಂಬರು ಮಾತ್ರ ಬರೆದ. ಆದರೆ ಬರೆಯುವ ಮುಂಚೆ ಮೇಜಿನ ಮೇಲೆ ಒಣಬೆರಳಿನಿಂದ ಆ ಸಾಲನ್ನು ಬರೆದು, ಆಮೇಲೆ ಲೇಖನಿ ತೆಗೆದುಕೊಳ್ಳುತ್ತಿದ್ದನಂತೆ. "ಮೇಲ್ವಿಚಾರಕ ನನ್ನನ್ನ ಹುಚ್ಚ ಅಂದ್ಕೊಂಡಿರಬೇಕು" ಎಂದು ಹೇಳಿ ನಗಿಸಿದ.

ಆಮೇಲಿನ ವಾರಗಳನ್ನು ಅವನು ಸಿರುಗುಪ್ಪದಲ್ಲಿ ಅವ್ವನ ಹತ್ತಿರ ಕಳೆದ. ನಾನು ಕುರುಗೋಡಿಗೆ ಮರಳಿದೆ. ನಾವು ಅವ್ವನಿಗೆ ಏನೂ ಹೇಳಿರಲಿಲ್ಲ. ಅವಳು ಬಂದವರಿಗೆಲ್ಲ ಮಗನ ಪರೀಕ್ಷೆಯ ಸುದ್ದಿ ಹೇಳುವಾಗ ಅವನು ಎದ್ದು ಹೊಳೆಯ ಕಡೆಗೆ ಹೋಗುತ್ತಿದ್ದನಂತೆ. ನಾನು ಇಲ್ಲಿ ಪ್ರತಿ ಬೆಳಿಗ್ಗೆ ಹಲಗೆಗಳ ಮೇಲೆ ಮಕ್ಕಳು ದೇವರ ಸಾಲು ಬರೆಯುವುದನ್ನು ನೋಡುತ್ತಿದ್ದೆ. ಬೇಡ ಎನ್ನಲೂ ಆಗಲಿಲ್ಲ, ಬರೆಯಿರಿ ಎನ್ನಲೂ ಆಗಲಿಲ್ಲ.

ಫಲಿತಾಂಶದ ಗೆಜೆಟ್ಟು ಬರುವ ದಿನ ಹತ್ತಿರವಾದಾಗ ಅವನು ಬಳ್ಳಾರಿಗೆ ಹೋಗಿ ಕಾದ. ಗೆಜೆಟ್ಟು ಕಂಟೋನ್ಮೆಂಟಿನ ಕಚೇರಿಯೊಂದಕ್ಕೆ ಮೊದಲು ಬರುತ್ತಿತ್ತು. ಅಲ್ಲಿ ನೋಡಿಕೊಂಡು, ಬಂಡಿಗೂ ಕಾಯದೆ ಅವನು ಕುರುಗೋಡಿಗೆ ನಡೆದೇ ಬಂದ. ನಾನು ಮಕ್ಕಳಿಗೆ ಹದಿಮೂರರ ಮಗ್ಗಿ ಹೇಳಿಸುತ್ತಿದ್ದೆ. ಬಾಗಿಲಲ್ಲಿ ಮೊಣಕಾಲವರೆಗೆ ಕೆಂಪು ಧೂಳು ಮೆತ್ತಿಕೊಂಡು ಅವನು ನಿಂತಿದ್ದ. ನಾನು ಮಗ್ಗಿ ನಿಲ್ಲಿಸಿದೆ. ಅವನು ಕೈಯಿಂದ ಮುಂದುವರಿಸು ಎಂದು ಸನ್ನೆ ಮಾಡಿದ. ಮಕ್ಕಳು ಹದಿಮೂರು ಹತ್ತಲೇ ಎನ್ನುವವರೆಗೆ ಬಾಗಿಲಿಗೆ ಒರಗಿ ನಿಂತೇ ಇದ್ದ. ಆ ಹೊತ್ತಿನಲ್ಲಿ ನನಗೆ ಅವನ ಮುಖ ಓದಲು ಆಗಲಿಲ್ಲ.

ಮಕ್ಕಳನ್ನು ಹೊರಗೆ ಬಿಟ್ಟ ಮೇಲೆ ಒಳಗೆ ಬಂದು, ನನ್ನ ಕಾಲು ಮುಟ್ಟಿ, "ಮೊದಲ ದರ್ಜೆ ಅಣ್ಣಾ" ಎಂದ. ಮತ್ತೆ, "ನೀರು ಕೊಡು, ಭಾಳ ನೀರಡಿಕಿ ಆಗೇತಿ."

ಆ ಹಾಳೆ ನೋಡಿದ ಪರೀಕ್ಷಕರು ಯಾರು, ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಹೆಡ್ ಮಾಸ್ತರರು ಹೇಳಿದಂತೆ ಆ ಅಕ್ಷರ ತಿಳಿಯದ ದೊರೆಯೋ, ತಿಳಿದೂ ಕಣ್ಣು ಕೆಳಗಿನ ಸಾಲಿಗೆ ಇಳಿಸಿದ ನಮ್ಮವರೋ. ಹುಡುಗ ದೇವರನ್ನು ನೆನೆದಿದ್ದಾನೆ, ಗುರುತು ಕೊಡಲಿಕ್ಕಲ್ಲ ಎಂದು ಒಂದು ಗಳಿಗೆ ಯೋಚಿಸಿದ ಯಾರಾದರೂ ಇದ್ದಿರಬಹುದು. ಅವರಿಗೆ ನನ್ನ ತಮ್ಮ ಒಂದು ನಂಬರು. ವಾರಾನ್ನದ ಹುಡುಗ ಎಂದು ತಿಳಿಯದು, ತಂದೆ ಇಲ್ಲ ಎಂದು ತಿಳಿಯದು. ಕನಿಕರಕ್ಕೆ ಒಂದು ಅಂಕವನ್ನೂ ಅವರು ಹಾಕಿರಲಾರರು. ಹಾಗಾಗಿ ಸಿಕ್ಕದ್ದೆಲ್ಲ ಅವನದೇ. ಇದನ್ನು ನೆನೆದಾಗಲೆಲ್ಲ ನಾನು ಮದರಾಸಿನ ದಿಕ್ಕಿಗೆ ತಿರುಗಿ ಕೈ ಮುಗಿಯುತ್ತೇನೆ. ನೋಡಿದವರು ಯಾವ ಗುಡಿ ಎಂದು ಕೇಳುತ್ತಾರೆ.

ಏಳು ಮನೆಗಳಿಗೂ ಅವನು ಕೊಬ್ಬರಿ ಸಕ್ಕರೆ ಕೊಟ್ಟು ಬಂದ. ಭಾನುವಾರದ ಅಜ್ಜಿ ಅವನ ಗದ್ದ ಹಿಡಿದು, "ಗಾದಿ ಎಲ್ಲೋ?" ಎಂದು ಕೇಳಿದರಂತೆ. ತನ್ನ ನೋಟ್ ಪುಸ್ತಕಗಳನ್ನೆಲ್ಲ, ಆ ಸಾಲೆಯ ಹುಡುಗರಲ್ಲಿದ್ದ ಪದ್ಧತಿಯಂತೆ, ಮುಂದಿನ ವರ್ಷ ಪರೀಕ್ಷೆಗೆ ಕೂಡುವವರಿಗೆ ಹಂಚಿದ. ಅವರು ಅವನ್ನು ತಮ್ಮ ನಂತರದವರಿಗೆ ಕೊಟ್ಟಿರುತ್ತಾರೆ.

ಕಾಲೇಜಿಗೆ ಹೊರಡುವ ಮುಂಚೆ ಬೇಸಿಗೆಯಲ್ಲಿ ಸಿರುಗುಪ್ಪಕ್ಕೆ ವಾಂತಿಭೇದಿ ಬಂತು. ನಮ್ಮ ಓಣಿಯಲ್ಲಿ ಮೂರು ಮನೆಗೆ ತಗುಲಿತು, ಅದರಲ್ಲಿ ನಮ್ಮದೂ ಒಂದು. ತಮ್ಮ ಮಲಗಿದ ಎರಡನೆಯ ದಿನ ಮಧ್ಯಾಹ್ನ ತೀರಿಕೊಂಡ. ನಾನು ಊರು ತಲುಪಿದಾಗ ಇನ್ನೂ ಮಾತಾಡುತ್ತಿದ್ದ. ಅವ್ವನಿಗೆ ಪರೀಕ್ಷೆಯ ಆ ಸಂಗತಿ ಈಗಲಾದರೂ ಹೇಳು, ನಗುತ್ತಾಳೆ ಎಂದ. ನಾನು ಹೇಳಿದೆ. ಅವ್ವ ನಗಲಿಲ್ಲ, ಆದರೆ ಅವನ ಬಲಗೈಯನ್ನು ಎತ್ತಿ ತನ್ನ ಕಣ್ಣಿಗೆ ಒತ್ತಿಕೊಂಡಳು.

ರೋಗ ಹರಡಬಾರದೆಂದು ಅವನ ಹಾಸಿಗೆ, ಬಟ್ಟೆ, ಬಟ್ಟೆಯ ಪೆಟ್ಟಿಗೆ ಸುಡಿಸಿದರು. ನಾನು ಅವನ ಕಾಗದಗಳನ್ನೆಲ್ಲ ಊರಿಗೆ ತಂದು ಆ ಪೆಟ್ಟಿಗೆಯಲ್ಲೇ ಇಟ್ಟಿದ್ದೆ. ಸುಡುವವರನ್ನು ನಾನು ತಡೆಯಲಿಲ್ಲ. ಅವರು ಮಾಡಿದ್ದು ಸರಿ, ಅವ್ವ ಉಳಿದಳು.

ಕೆಲವು ತಿಂಗಳ ಮೇಲೆ ಬಳ್ಳಾರಿಗೆ ಹೋಗಿ ಹೆಡ್ ಮಾಸ್ತರರನ್ನು ಕಂಡೆ. ಅವರು ಪ್ರಮಾಣಪತ್ರವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಕೊಡುವಾಗ ಎದ್ದು ನಿಂತು ಕೊಟ್ಟರು. ಮದರಾಸಿನಿಂದ ಅವನ ಉತ್ತರದ ಹಾಳೆಗಳನ್ನು, ಒಂದನ್ನಾದರೂ, ತರಿಸಲು ಆಗುವುದೇ ಎಂದು ಕೇಳಿದೆ.

"ಅವು ತಿರುಗಿ ಬರಂಗಿಲ್ಲ ಮಾಸ್ತರ್ರೇ. ಯಾರವೂ ಬರಂಗಿಲ್ಲ" ಎಂದರು. ನಾನು ಹೊರಟಾಗ ಬಂಡಿ ನಿಲ್ಲುವಲ್ಲಿಯವರೆಗೆ ನನ್ನ ಜೊತೆ ನಡೆದು ಬಂದರು. ಅದಕ್ಕೂ ನಾನು ಋಣಿ.

ಪ್ರಮಾಣಪತ್ರ ಈಗ ಅವ್ವನ ಹತ್ತಿರ ಇದೆ. ಅದರ ಮೇಲೆ ಅವನ ಹೆಸರನ್ನು ಮದರಾಸಿನ ಯಾರೋ ಗುಮಾಸ್ತರು ದುಂಡಗೆ ಬರೆದಿದ್ದಾರೆ. ಅವನ ಕೈಯಿಂದ ಬರೆದದ್ದು ಒಂದು ಅಕ್ಷರವೂ ನಮ್ಮ ಮನೆಯಲ್ಲಿ ಇಲ್ಲ.